ಪಾಡ್ಯಕ್ಕೆ ತೊಳೆದ ಗಾಡಿ

ಬೆಳಗಿನ ಏಳೂ ಇಪ್ಪತ್ತಕ್ಕೆ, ಕಾಗವಾಡ ಇನ್ನೂ ಮೂರು ಕಿಲೋಮೀಟರ್ ಇರುವಾಗ, ಗಾಡಿ ನಿಂತಿತು.

ಹಿಂದಿನ ಸೀಟಿನಲ್ಲಿ ದುಂಡೇಶ ಹೆಂಡತಿ ದಾನೇಶ್ವರಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ವಯಸ್ಸು ನಲವತ್ತಾರು. ತೋಟದ ಮನೆಯಲ್ಲಿ ಎದೆನೋವು ಕಾಣಿಸಿಕೊಂಡಾಗ ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಅಥಣಿಯ ಡಾಕ್ಟರು ನಾಲಿಗೆಯ ಕೆಳಗೆ ಒಂದು ಗುಳಿಗೆ ಇಟ್ಟು, ತಡಮಾಡದೆ ಮೀರಜಿಗೆ ಒಯ್ಯಿರಿ ಎಂದಿದ್ದರು. ಆಂಬುಲೆನ್ಸು ಬೇರೆ ಹಳ್ಳಿಗೆ ಹೋಗಿತ್ತು. ಬಾಗಿಲಲ್ಲಿ ಸ್ವಂತ ಗಾಡಿ ಇರುವಾಗ ಅದನ್ನು ಕಾಯುವುದೇಕೆ ಎಂದು ತಮ್ಮ ವಿಕ್ರಾಂತ ಚಾವಿ ತೆಗೆದುಕೊಂಡ. ಎಂಟು ವರ್ಷದ ಹಳೆಯ ಸಣ್ಣ ಎಸ್‌ಯುವಿ ಅದು. ಡೀಸೆಲ್ಲು, ಬಿಳಿ ಬಣ್ಣ.

ಜನವರಿಯೆಂದರೆ ಕಬ್ಬಿನ ಹಂಗಾಮು. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರಾಲಿ ಕಟ್ಟಿಕೊಂಡು ಕಾರ್ಖಾನೆಗೆ ಹೊರಟ ಸಾಲು ರಸ್ತೆ ತುಂಬ ಇತ್ತು. ಓವರ್‌ಟೇಕ್ ಮಾಡಲು ಜಾಗವಿಲ್ಲದೆ ವಿಕ್ರಾಂತ ಅವುಗಳ ಬೆನ್ನಿಗೆ ಬಿದ್ದು, ಒಂದನೇ ಗೇರು, ಎರಡನೇ ಗೇರು, ಮತ್ತೆ ಒಂದನೇ ಗೇರು ಎಂದು ತೆವಳಿದ. ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿದ್ದನ್ನು ದಾನೇಶ್ವರಿ ಹಿಂದಿನಿಂದಲೇ ಕಂಡಳು.

"ದೀಪ ಹತ್ತೇತಿ, ವಿಕ್ರಾಂತ."

"ಹತ್ತಲಿ ಬಿಡ್ರಿ ವೈನಿ. ಈಗ ನಿಲ್ಲಾಕ ಆಗತೈತೇನು?"

ಇನ್ನೊಂದಿಷ್ಟು ದೂರ ಹೋದ ಮೇಲೆ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಎಂಜಿನ್ ಒಮ್ಮೆ ಜಗ್ಗಿ ಬಂದಾಯಿತು. ವಿಕ್ರಾಂತ ರಸ್ತೆಯ ನಡುವೆ ನಿಂತು ಕೈ ಮಾಡಿದ. ಕಬ್ಬಿನ ಟ್ರ್ಯಾಕ್ಟರಿನವರು ನಿಂತರು. ಅವರ ಗಾಡಿಯಲ್ಲಿ ಮಲಗಿಸುವುದಕ್ಕೆ ಆಗುವಂತಿರಲಿಲ್ಲ. ಕೊನೆಗೆ ಹಾಲಿನ ಟೆಂಪೊ ಒಂದು ಸಿಕ್ಕಿತು. ಕ್ಯಾನುಗಳನ್ನು ಇಳಿಸಿ ರಸ್ತೆ ಬದಿ ಸಾಲಾಗಿ ಇಟ್ಟು, ದುಂಡೇಶನನ್ನು ಮಲಗಿಸಿಕೊಂಡು ಹೋದರು.

ಮೀರಜಿನ ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ಹಿಡಿದು ನೋಡಿ, ಯಂತ್ರದಲ್ಲಿ ನೋಡಿ, ಹೊರಗೆ ಬಂದು ಮರಾಠಿಯಲ್ಲಿ, "ಅರ್ಧಾ ತಾಸ್ ಆಧೀ ಆಣಲಾ ಅಸ್ತಾ ತರ್..." ಎಂದರು. ಅರ್ಧ ಗಂಟೆ ಮೊದಲು ತಂದಿದ್ದರೆ. ವಾಕ್ಯವನ್ನು ಅವರು ಮುಗಿಸಲಿಲ್ಲ. ದಾನೇಶ್ವರಿಯ ಸೀರೆಯ ಸೆರಗಿಗೆ ಹಾಲು ಹತ್ತಿ ಒಣಗಿತ್ತು. ಅದನ್ನು ಅವಳು ಉಗುರಿನಿಂದ ಕೆರೆಯುತ್ತ ನಿಂತಿದ್ದಳು.

ಮಣ್ಣಿಗೆ ತೋಟದ ಸುತ್ತಲಿನ ಊರುಗಳಿಂದ ಜನ ಬಂದಿದ್ದರು. ಗ್ಯಾರೇಜಿನ ರಿಯಾಜನೂ ಬಂದಿದ್ದ. ದುಂಡೇಶ ಮತ್ತು ಅವನು ಅಥಣಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅವನು ಹಿಂದೆ ನಿಂತು, ಎಲ್ಲರೂ ಹಾಕಿದ ಮೇಲೆ ಒಂದು ಹಿಡಿ ಮಣ್ಣು ಹಾಕಿ ಹೋದ.

ಗಾಡಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದು ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ದಿನಕರ್ಮ ಮುಗಿಯಿತು. ಮಗಳು ನಿಪ್ಪಾಣಿಯ ಹಾಸ್ಟೆಲಿಗೆ ಮರಳಿದಳು. ಬಂದವರು ಬರುವುದು ನಿಂತಿತು. ದಾನೇಶ್ವರಿ ಬೆಳಿಗ್ಗೆ ಎದ್ದು ದ್ರಾಕ್ಷಿ ಸಾಲುಗಳಿಗೆ ಹೋಗುತ್ತಿದ್ದಳು. ಗೊನೆಗಳಲ್ಲಿ ಕಾಯಿಗೆ ನೀರು ತುಂಬುವ ಹೊತ್ತು. ಕೆಟ್ಟ ಕಾಯಿಗಳನ್ನು ಕತ್ತರಿಯಿಂದ ತೆಗೆಯಬೇಕು. ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಬಂದಾಗ ಹಿಂದಿನ ಸಾಲು ತಾನೇ ಮಾಡಿದ್ದೋ ಆಳುಗಳು ಮಾಡಿದ್ದೋ ಅವಳಿಗೆ ನೆನಪಿರುತ್ತಿರಲಿಲ್ಲ. ಅತ್ತೆ ಕಸ್ತೂರೆವ್ವ ರೊಟ್ಟಿ ಹಾಕಿದರೆ ತಿನ್ನುತ್ತಿದ್ದಳು. ಹಾಕದಿದ್ದರೆ ಕೇಳುತ್ತಿರಲಿಲ್ಲ.

"ಅಳವಲ್ಲಳಲ್ಲ ಇಕಿ," ಎಂದು ಕಸ್ತೂರೆವ್ವ ನೆರೆಯ ಕೆಂಪವ್ವನ ಮುಂದೆ ಹೇಳಿದಳು. "ನಾನರ ದಿನಾ ಒಂದೀಟು ಅತ್ತು ಹಗರ ಆಗ್ತೀನಿ. ಇಕಿ ಕಲ್ಲ ಆಗ್ಯಾಳ."

"ಕಲ್ಲ ಅಲ್ಲ ಬಿಡ ಯವ್ವಾ," ಎಂದಳು ಕೆಂಪವ್ವ. "ಮರಗಟ್ಟ್ಯಾಳ. ಚಳ್ಯಾಗ ಕೈ ಮರಗಟ್ಟತೈತಲ್ಲ, ಹಂಗ."

ಪಕ್ಕದ ಕೋಣೆಯಲ್ಲೇ ಇದ್ದ ದಾನೇಶ್ವರಿಗೆ ಇಬ್ಬರ ಮಾತೂ ಕೇಳಿತು. ಎರಡರಲ್ಲಿ ಯಾವುದು ಸರಿ ಎಂದು ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ನಿರ್ಧಾರಕ್ಕೆ ಬರಲಾಗಲಿಲ್ಲ.

ವಿಕ್ರಾಂತನಿಗೆ ಮಾತ್ರ ಸುಮ್ಮನೆ ಕೂರಲಾಗುತ್ತಿರಲಿಲ್ಲ. ಗಾಡಿ ನಿಲ್ಲುವ ಒಂದು ವಾರ ಮೊದಲಷ್ಟೇ ರಿಯಾಜ ಅದರ ರೇಡಿಯೇಟರಿನ ಪೈಪು ಮತ್ತು ಥರ್ಮೋಸ್ಟಾಟ್ ಬದಲಿಸಿ, ಹೊಸ ಕೂಲಂಟ್ ತುಂಬಿ ಕೊಟ್ಟಿದ್ದ. ಆ ಕೆಲಸವೇ ಸರಿಯಿರಲಿಲ್ಲ, ಅದರಿಂದಲೇ ಎಂಜಿನ್ ಕುದಿಯಿತು, ಅದರಿಂದಲೇ ಅಣ್ಣ ಹೋದ ಎಂದು ವಿಕ್ರಾಂತ ಮೊದಲು ಮನೆಯಲ್ಲಿ ಹೇಳಿದ. ಆಮೇಲೆ ಸೊಸೈಟಿಯ ಕಟ್ಟೆಯಲ್ಲಿ, ಔಷಧಿ ಅಂಗಡಿಯಲ್ಲಿ, ಕೋಲ್ಡ್ ಸ್ಟೋರೇಜಿನ ಮುಂದೆ ಹೇಳಿದ. ಸಾವಿನ ಮನೆಯವನು ಹೇಳಿದ ಮಾತಿಗೆ ಯಾರೂ ಎದುರು ಆಡಲಿಲ್ಲ. ರಿಯಾಜನ ಗ್ಯಾರೇಜಿಗೆ ಹೋಗುವ ಗಾಡಿಗಳು ಒಂದೊಂದಾಗಿ ಬೇರೆ ಕಡೆ ತಿರುಗಿದವು.

"ರವಿವಾರ ಹಿರ್ಯಾರು ಕೂಡಾಕತ್ತಾರ," ಎಂದ ವಿಕ್ರಾಂತ, ಅಪ್ಪ ಮುರಗೆಪ್ಪನ ಮುಂದೆ. "ದುರಸ್ತಿ ಖರ್ಚು ಅಂವ ಕೊಡಬೇಕು. ಮತ್ತ, ತಪ್ಪು ನಂದ ಅಂತ ಬರದು ಸಹಿ ಮಾಡಬೇಕು. ಇಲ್ಲಾಂದ್ರ ನಾ ಪೊಲೀಸ್ ಸ್ಟೇಷನ್ನಿಗೆ ಹೋಗಾಂವ."

"ಬರಸ್ಕೊಂಡು ಏನ್ ಮಾಡ್ತಿ?" ಎಂದ ಮುರಗೆಪ್ಪ.

"ಗ್ಯಾರೇಜಿನ ಬಾಗಲಾಗ ಹಚ್ಚತೀನಿ. ಇನ್ನೊಬ್ಬರ ಮನಿ ಹಾಳಾಗಬಾರದು."

ಆದರೆ ಬರೆಸಿಕೊಳ್ಳುವ ಮೊದಲು ಆಧಾರ ಬೇಕಿತ್ತು. ಅಥಣಿಯಲ್ಲಿ ರಿಯಾಜನ ಕೈಕೆಳಗೆ ಕಲಿತವರೇ ಹೆಚ್ಚು. ಅವರು ಅವನ ವಿರುದ್ಧ ಹೇಳುವುದಿಲ್ಲ. ಆದ್ದರಿಂದ ಚಿಕ್ಕೋಡಿಯ ದೊಡ್ಡ ಸರ್ವಿಸ್ ಸೆಂಟರಿಗೆ ಗಾಡಿಯನ್ನು ಟೋ ಮಾಡಿಸಿದರು. ಗಾಡಿ ದುಂಡೇಶನ ಹೆಸರಲ್ಲಿದ್ದುದರಿಂದ, ಬಿಚ್ಚುವುದಕ್ಕೆ ಹೆಂಡತಿಯ ಒಪ್ಪಿಗೆ ಸಹಿ ಬೇಕೆಂದರು. ಗುರುವಾರ ದಾನೇಶ್ವರಿ ವಿಕ್ರಾಂತನ ಜೊತೆ ಬಸ್ಸಿನಲ್ಲಿ ಚಿಕ್ಕೋಡಿಗೆ ಹೋದಳು.

ಅಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದವಳು ಸರಿತಾ ಎಂಬ ನಿಪ್ಪಾಣಿಯ ಹುಡುಗಿ. ಮರಾಠಿ ಮನೆಮಾತು, ಕನ್ನಡ ಚುರುಕು. ಟ್ಯಾಬ್ ನೋಡುತ್ತಲೇ ಮಾತಾಡುತ್ತಿದ್ದಳು.

"ಬರ್ರಿ ಮೇಡಂ. ಹೀಟ್ ಆಗಿ ಎಂಜಿನ್ ಹೆಡ್ ಸೊಟ್ಟ ಆಗಿರಬೇಕು. ಬಿಚ್ಚಿ, ಮಶಿನ್ ಮ್ಯಾಲೆ ಹಚ್ಚಿ, ಗ್ಯಾಸ್ಕೆಟ್ ಹಾಕಿ ಕೂಡಸಾಕ ಐವತ್ತೆರಡು ಸಾವಿರ. ಹೆಡ್ ಸೀಳಿತ್ತಂದ್ರ ಹೊಸಾದ ಬೇಕು, ಅದು ಬ್ಯಾರೆ ಎಪ್ಪತ್ತು. ರೇಡಿಯೇಟರ್ ಒಂಬತ್ತೂವರಿ, ಫ್ಯಾನ್ ಹನ್ನೊಂದು. ಏಸಿ ಹತ್ತವಲ್ಲದು ಅಂತ ಅಂದಿದ್ರಲ್ಲ, ಕಂಡೆನ್ಸರ್ ತೂತ ಬಿದ್ದೈತಿ, ಅದು ಹದಿಮೂರು."

"ಮತ್ತ?" ಎಂದ ವಿಕ್ರಾಂತ.

"ಮತ್ತ ಇದ್ದದ್ದ. ಕ್ಲಚ್ ಮುಗಿಯಾಕ ಬಂದೈತಿ. ಕಬ್ಬಿನ ಟ್ರಾಲಿ ಹಿಂದ ಓಡೋ ಗಾಡಿ ಎಲ್ಲಾದರದೂ ಹಂಗ. ಹದಿನಾರು ಸಾವಿರ. ಮುಂದಿನ ಸಸ್ಪೆನ್ಶನ್ ಬುಶ್ ಹೋಗ್ಯಾವ. ತೋಟದ ರಸ್ತಾ ಅಲ್ಲೇನ್ರಿ? ಆರು ಸಾವಿರ."

"ಎಲ್ಲಾ ಒಮ್ಮಿ ಹೋತೇನು?"

"ಒಮ್ಮಿ ಹೋಗಂಗಿಲ್ಲರಿ. ಒಮ್ಮಿ ತೋರಸ್ತಾವ." ಸರಿತಾ ಮೊದಲ ಬಾರಿ ತಲೆ ಎತ್ತಿದಳು. "ಗಾಡಿ ದೊಡ್ಡದ ಕಾಣಬೇಕು, ಖರ್ಚು ಸಣ್ಣದ ಇರಬೇಕು ಅಂತ ಎಲ್ಲಾರೂ ಈ ಗಾಡಿ ತಗೋತಾರ. ಗಾಡಿಗೆ ಅದು ಗೊತ್ತಿರಂಗಿಲ್ಲ."

ಒಟ್ಟು ಒಂದು ಲಕ್ಷ ಏಳು ಸಾವಿರದ ಐನೂರು. ಹೆಡ್ ಸೀಳಿದ್ದರೆ ಅದರ ಮೇಲೆ ಇನ್ನೂ. ವಿಮೆ ಬರುವುದಿಲ್ಲ, ಅಪಘಾತವಲ್ಲ, ಯಂತ್ರದ ದೋಷ. ದಾನೇಶ್ವರಿ ಅಂಕಿಗಳನ್ನು ಕೇಳಿದಳು. ಅವು ಬೇರೆ ಯಾರದೋ ಗಾಡಿಯ ಅಂಕಿಗಳಂತೆ ಇದ್ದವು.

"ಇಷ್ಟು ಬರೀರಿ," ಎಂದ ವಿಕ್ರಾಂತ. "ಪೈಪು ಬರೋಬರ ಹಾಕಿಲ್ಲ, ಅದಕ್ಕ ಎಂಜಿನ್ ಹೋತು ಅಂತ."

"ಹಂಗ ಬರಿಯಾಕ ಬರಂಗಿಲ್ಲರಿ. ಪೈಪ್ ಬರೋಬರ ಐತಿ. ಫ್ಯಾನ್ ತಿರಗಿಲ್ಲ. ಫ್ಯಾನಿಗೆ ಕರೆಂಟ್ ಹೋಗೋ ಕನೆಕ್ಟರ್ ತಿಂದ ಹೋಗೇತಿ. ಓಡೋ ಗಾಡಿಗೆ ಗಾಳಿ ಸಾಕಾಗತೈತಿ, ನಿಂತ ನಿಂತ ಹೋಗೂವಾಗ ಫ್ಯಾನ್ ಬೇಕ."

"ಹಂಗಂದ್ರ ಫ್ಯಾನ್ ನೋಡದ ಗಾಡಿ ಕೊಟ್ಟಾನ. ಅದನ್ನ ಬರೀರಿ."

"ಅಂವ ನೋಡ್ಯಾನೋ ಇಲ್ಲೋ ನಂಗೇನ ಗೊತ್ತು? ಕನೆಕ್ಟರ್ ಕೆಟ್ಟೈತಿ ಅಂತ ಬರೀತೀನಿ. ಬೇಕಾದ್ರ ನೋಡ ಬರ್ರಿ."

ಒಳಗೆ ಗಾಡಿಯ ಬಾನೆಟ್ ಎತ್ತಿ ನಿಲ್ಲಿಸಿದ್ದರು. ಸರಿತಾ ಪೆನ್ನಿನ ತುದಿಯಿಂದ ತೋರಿಸಿದಳು. ಫ್ಯಾನಿನ ಹಿಂದೆ, ಬೆರಳಿನಷ್ಟು ದಪ್ಪದ ಕನೆಕ್ಟರಿನ ಬಾಯಲ್ಲಿ ಹಸಿರು ಪುಡಿ ಕಟ್ಟಿತ್ತು. "ಕೂಲಂಟ್ ಸೋರಿ ಒಣಗಿದ್ದರಿ," ಎಂದಳು. "ಕೂಲಂಟ್ ಹಸರ ಇರತೈತಲ್ಲ. ಎಲ್ಲಾರೂ ನೋಡಿ ಬಿಟ್ಟಬಿಡ್ತಾರ."

ದಾನೇಶ್ವರಿ ಬಗ್ಗಿದಳು. ಹಸಿರು ಹೌದು, ಆದರೆ ಅಂಚಿನಲ್ಲಿ ನೀಲಿಯಾಗಿತ್ತು. ರೇಡಿಯೇಟರಿನ ಸಣ್ಣ ಸಣ್ಣ ಎಸಳುಗಳ ಮೇಲೂ ಅದೇ ಬಣ್ಣ ಚುಕ್ಕೆ ಚುಕ್ಕೆಯಾಗಿ ಕೂತು, ಚುಕ್ಕೆ ಇದ್ದ ಕಡೆ ಲೋಹ ತಿಂದು ಹೋಗಿತ್ತು. ರಿಯಾಜ ಬಿಗಿದ ಹೊಸ ಪೈಪಿನ ಕ್ಲಿಪ್ಪು ಬೆಳ್ಳಗೆ ಹೊಳೆಯುತ್ತಿತ್ತು. ಅದರಿಂದ ಒಂದು ಗೇಣು ಆಚೆ, ಫ್ಯಾನಿನ ಚೌಕಟ್ಟಿನ ಹಳೆಯ ಕಬ್ಬಿಣದ ಬೋಲ್ಟುಗಳ ತಲೆ ಕೆಂಪಗಿತ್ತು. ತುಕ್ಕಿನ ಕೆಂಪಲ್ಲ, ತಾಮ್ರದ ಕೊಡದ ಕೆಂಪು.

ಆ ಕೆಂಪನ್ನು ದ್ರಾಕ್ಷಿ ಬೆಳೆಯುವ ಮನೆಯ ಯಾರಿಗೂ ಹೇಳಿಕೊಡಬೇಕಿಲ್ಲ. ಅಕ್ಟೋಬರಿನಲ್ಲಿ ಬಳ್ಳಿ ಸವರಿದ ಮೇಲೆ ಎಲೆಗೆ ದಾವಣಿ ರೋಗ ಬಾರದಂತೆ ಮೋರಚೂದ ಹೊಡೆಯುತ್ತಾರೆ. ನೀಲಿ ಹರಳಿನ ಆ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ, ಅದಕ್ಕೆ ತಕ್ಕಷ್ಟು ಸುಣ್ಣ ಕೂಡಿಸಬೇಕು. ಸುಣ್ಣ ಕಡಿಮೆಯಾದರೆ ನೀರು ಎಲೆ ಸುಡುತ್ತದೆ, ಲೋಹ ತಿನ್ನುತ್ತದೆ. ಸಾಕಾಯಿತೋ ಇಲ್ಲವೋ ನೋಡಲು ಮಸೆದ ಕುಡುಗೋಲನ್ನು ಅದರಲ್ಲಿ ಅದ್ದಿ ಹಿಡಿಯುತ್ತಾರೆ. ಕುಡುಗೋಲಿನ ಬಾಯಿ ಕೆಂಪಾದರೆ ಇನ್ನೂ ಸುಣ್ಣ ಬೇಕು. ಬೆಳ್ಳಗೆ ಉಳಿದರೆ ಹೊಡೆಯಬಹುದು.

ದೀಪಾವಳಿ ಪಾಡ್ಯದ ಹಿಂದಿನ ಸಂಜೆ ದುಂಡೇಶ ಅದ್ದಿದ ಕುಡುಗೋಲು ಕೆಂಪಾಗಿತ್ತು. ಸುಣ್ಣದ ಚೀಲ ಖಾಲಿ. ಹಬ್ಬಕ್ಕೆ ಅಂಗಡಿ ಮುಚ್ಚಿತ್ತು. ಅವನು ನೀಲಿ ನೀರನ್ನು ಡ್ರಮ್ಮುಗಳಿಗೆ ಇಳಿಸಿಟ್ಟ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಸ್ಪ್ರೇ ಟ್ಯಾಂಕಿನ ತಳದಲ್ಲಿ ಒಂದಿಷ್ಟು ಉಳಿಯಿತು. ಮರುದಿನ ಬೆಳಿಗ್ಗೆ ಗಾಡಿಗೆ ಪೂಜೆ. ತ್ರೀಫೇಸ್ ಕರೆಂಟಿಲ್ಲದೆ ಬಾವಿಯ ಮೋಟಾರು ನಡೆಯುತ್ತಿರಲಿಲ್ಲ. ದುಂಡೇಶ ದನದ ತೊಟ್ಟಿಯಿಂದ ಕೊಡಗಳಲ್ಲಿ ನೀರು ತಂದು ಆ ಟ್ಯಾಂಕಿಗೇ ಸುರುವಿದ. ಸ್ಪ್ರೇ ಗನ್ನು ಹಿಡಿದು ಗಾಡಿ ತೊಳೆದ. ಆ ಭಾಗದಲ್ಲಿ ಎಲ್ಲರೂ ತೊಳೆಯುವುದು ಹಾಗೆಯೇ. ಪೇಟೆಯ ವಾಶಿಂಗ್ ಸೆಂಟರಿಗೆ ದುಡ್ಡು ಕೊಡುವವನನ್ನು ನೋಡಿ ನಗುತ್ತಾರೆ. ಬಾನೆಟ್ ಎತ್ತಿ ಒಳಗೂ ಹೊಡೆದ. ಜೋರು ನೀರಿಗೆ ವರ್ಷದ ಧೂಳೆಲ್ಲ ಹಾರಿತು.

ದಾನೇಶ್ವರಿ ಆರತಿಯ ತಟ್ಟೆ ಹಿಡಿದುಕೊಂಡು ಬಂದಿದ್ದಳು. "ನೀರು ನೀಲಿ ಐತಲ್ರಿ," ಎಂದಿದ್ದಳು. "ಟ್ಯಾಂಕ್ ತೊಳದ ತಗೋಬೇಕಾಗಿತ್ತು."

"ಛಲೋ ಆತ ಬಿಡ," ಎಂದಿದ್ದ ಅವನು. "ಈ ವರ್ಷ ಗಾಡಿಗೆ ದಾವಣಿ ರೋಗ ಬರಂಗಿಲ್ಲ."

ಅವಳು ನಕ್ಕಿದ್ದಳು. ಆಮೇಲೆ ತೊಳೆಯುವುದಕ್ಕೆ ಬೇರೆ ನೀರು ಉಳಿದಿರಲಿಲ್ಲ. ಗಾಡಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಚೆಂಡುಹೂವಿನ ಮಾಲೆ ಹಾಕಿದರು. ಹದಿನೈದು ದಿನಕ್ಕೆ ಎಂಜಿನ್ನಿನ ದೀಪ ಹತ್ತಿತು. ಸೆನ್ಸರು ಎಂದು ರಿಯಾಜ ಒರೆಸಿ ಕೊಟ್ಟ. ಆಮೇಲೆ ಏಸಿ ನಿಂತಿತು. ಚಳಿಗಾಲ, ಇರಲಿ ಬಿಡು ಎಂದರು. ಆಮೇಲೆ ನೀರು ಸೋರಿತು.

"ಮೇಡಂ?" ಎಂದಳು ಸರಿತಾ.

"ಈ ಕನೆಕ್ಟರು ಮತ್ತ ಒಂದ ಬೋಲ್ಟು ಬಿಚ್ಚಿ ಕೊಡ್ರಿ," ಎಂದಳು ದಾನೇಶ್ವರಿ.

"ಹಳೇ ಪಾರ್ಟ್ ನಿಮ್ಮವ ರಿ. ಒಯ್ರಿ."

"ಅದ್ಯಾಕ ವೈನಿ?" ಎಂದ ವಿಕ್ರಾಂತ.

"ಇರಲಿ."

ಅವನಿಗೆ ಅದು ಸರಿಯೆನಿಸಿತು. ಹಿರಿಯರ ಮುಂದೆ ಇಡಲು ಒಂದು ವಸ್ತು ಇದ್ದರೆ ಒಳ್ಳೆಯದೇ. ಬಸ್ಸಿನಲ್ಲಿ ಅವನು ರಾಯಬಾಗದ ತನಕ ರವಿವಾರ ಏನೇನು ಹೇಳಬೇಕೆಂದು ಹೇಳುತ್ತಲೇ ಇದ್ದ. ದಾನೇಶ್ವರಿ ಬೋಲ್ಟು, ಕನೆಕ್ಟರು ಎರಡನ್ನೂ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಹೇಳಿದರೆ, ಗಂಡ ತನ್ನ ಸಾವನ್ನು ತಾನೇ ತೊಳೆದು ಬಾಗಿಲಲ್ಲಿ ನಿಲ್ಲಿಸಿಕೊಂಡ ಎಂದಾಗುತ್ತದೆ. ಅಥಣಿ ತುಂಬ ಆ ಮಾತು ಅವನ ಹೆಸರಿಗೆ ಅಂಟುತ್ತದೆ. ಮಗಳ ಕಿವಿಗೂ ಬೀಳುತ್ತದೆ. ಹೇಳದಿದ್ದರೆ ರಿಯಾಜ ಬರೆದುಕೊಡುತ್ತಾನೆ. ಎರಡನ್ನೂ ಅವಳು ತೂಗಿ ನೋಡಲು ಯತ್ನಿಸಿದಳು. ಯಾವುದಕ್ಕೂ ಭಾರವಿದ್ದಂತೆ ಅನಿಸಲಿಲ್ಲ. ಅಳು ಬಂದರೆ ತಿಳಿದೀತು ಎಂದುಕೊಂಡಳು. ಅದೂ ಬರಲಿಲ್ಲ.

ರವಿವಾರ ಮಧ್ಯಾಹ್ನ ರಿಯಾಜನ ಗ್ಯಾರೇಜಿನಲ್ಲಿ ಆರೇಳು ಜನ ಸೇರಿದರು. ಒಳಗೆ ಒಂದೇ ಒಂದು ಟೆಂಪೊ ನಿಂತಿತ್ತು. ರಿಯಾಜನ ತಂದೆ ಲಾಲಸಾಬ ಕುರ್ಚಿಗಳನ್ನು ತಾನೇ ಒರೆಸಿ ಹಾಕಿದ. ಒಂದು ಕಾಲಕ್ಕೆ ಟ್ರ್ಯಾಕ್ಟರ್ ರಿಪೇರಿಗೆ ಹೆಸರಾದವನು. ಈಗ ಕಣ್ಣು ಮಂಜು. ಪಂಚರ ಪೈಕಿ ಹಿರಿಯ ಹಾಲೇಶ. ಇಪ್ಪತ್ತು ಎಕರೆ ದ್ರಾಕ್ಷಿ, ಒಂದು ಕೋಲ್ಡ್ ಸ್ಟೋರೇಜು. ಅವನು ಹೇಳಿದ್ದನ್ನು ಉಳಿದವರು ಮೀರುತ್ತಿರಲಿಲ್ಲ. ಮುರಗೆಪ್ಪ ಮಗನ ಪಕ್ಕ, ದಾನೇಶ್ವರಿ ಮಾವನ ಪಕ್ಕ ಕೂತಳು.

ಚಹಾ ಬಂತು. ವಿಕ್ರಾಂತ ಮುಟ್ಟಲಿಲ್ಲ.

"ಚಹಾದ ಮ್ಯಾಲೆ ಸಿಟ್ಟ ಮಾಡಬ್ಯಾಡ," ಎಂದ ಹಾಲೇಶ. "ಅದೇನ ಗಾಡಿ ರಿಪೇರಿ ಮಾಡಿಲ್ಲ."

ಯಾರೋ ಒಬ್ಬ ನಕ್ಕು, ಸಂದರ್ಭ ನೆನಪಾಗಿ ನಿಲ್ಲಿಸಿದ. ವಿಕ್ರಾಂತ ಚಿಕ್ಕೋಡಿಯಲ್ಲಿ ಕೊಟ್ಟಿದ್ದನ್ನು ಓದಿದ. ಫ್ಯಾನ್ ತಿರುಗಿಲ್ಲ, ಕನೆಕ್ಟರ್ ಕೆಟ್ಟಿತ್ತು, ಅದನ್ನು ನೋಡದೆ ಪೈಪು ಹಾಕಿ ಕಳಿಸಿದ್ದಾನೆ. ಒಂದು ಲಕ್ಷ ಏಳೂವರೆ ಸಾವಿರ.

"ರಿಯಾಜ, ನೀ ಏನಂತಿ?" ಎಂದ ಹಾಲೇಶ.

ರಿಯಾಜ ನಿಂತೇ ಇದ್ದ. ಕೈಯಲ್ಲಿ ಎಣ್ಣೆ ಒರೆಸುವ ಬಟ್ಟೆ ಇತ್ತು. ಕೈ ಸ್ವಚ್ಛವಾಗಿಯೇ ಇತ್ತು.

"ಪೈಪು ಹಾಕಿದ ಮ್ಯಾಲೆ ಗಾಡಿ ಸುರು ಮಾಡಿ ಇಟ್ಟಿದ್ದೆ. ಸೋರತೈತೇನೂ ಅಂತ ನೋಡಿದೆ. ಫ್ಯಾನ್ ತಿರಗಿತೋ ಇಲ್ಲೋ ನೋಡೀನೋ ಇಲ್ಲೋ, ನೆನಪಿಲ್ಲ. ಹಸರ ಪುಡಿ ಕಂಡಿದ್ದೆ. ಕೂಲಂಟ್ ಒಣಗೇತಿ ಅಂತ ಬಿಟ್ಟೆ." ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ನೆನಪಿಲ್ಲ ಅಂದ್ರ ನೋಡಿಲ್ಲ ಅಂತ ಹಿಡೀರಿ."

"ಕೇಳಿದ್ರೆಲ್ಲಾ?" ಎಂದ ವಿಕ್ರಾಂತ.

"ಕೇಳೀವಿ. ನಾವೇನ ಕಿವುಡರಲ್ಲ," ಎಂದ ಹಾಲೇಶ. "ಬರದ ಕೊಡ್ತೀಯೇನ, ರಿಯಾಜ?"

"ರೊಕ್ಕ ಕೊಡ್ಲಿಕ್ಕೆ ತಡ ಆಗತೈತಿ. ಬರದ ಈಗ ಕೊಡ್ತೀನಿ."

ಬರೆದು ಕೊಟ್ಟ ಮೇಲೆ ಈ ಗ್ಯಾರೇಜಿಗೆ ಯಾರೂ ಗಾಡಿ ತರುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ವಿಕ್ರಾಂತ ತಂದಿದ್ದ ಹಾಳೆ ಮೇಜಿನ ಮೇಲೆ ಬಂತು. ರಿಯಾಜ ಪೆನ್ನಿಗಾಗಿ ಜೇಬು ತಡಕಿದ.

ದಾನೇಶ್ವರಿ ಸೆರಗಿನ ಗಂಟು ಬಿಚ್ಚಿದಳು. ಬೋಲ್ಟು ಮತ್ತು ಕನೆಕ್ಟರನ್ನು ಆ ಹಾಳೆಯ ಮೇಲೆ ಇಟ್ಟಳು.

"ಇದನ್ನ ನೋಡ್ರಿ," ಎಂದಳು ಹಾಲೇಶನಿಗೆ. "ಇದು ಎದರ ಕೆಂಪು?"

ಹಾಲೇಶ ಬೋಲ್ಟನ್ನು ಎತ್ತಿ ಬೆಳಕಿಗೆ ಹಿಡಿದ. ಉಗುರಿನಿಂದ ಕೆರೆದ. ಮುರಗೆಪ್ಪನ ಕೈಗೆ ಕೊಟ್ಟ. ಮುರಗೆಪ್ಪ ನೋಡಿ ಪಕ್ಕದವನಿಗೆ ಕೊಟ್ಟ. ಬೋಲ್ಟು ಒಂದು ಸುತ್ತು ಬಂತು.

"ಮೋರಚೂದ," ಎಂದ ಹಾಲೇಶ. "ಎಂಜಿನ್ನಿನೊಳಗ ಮೋರಚೂದ ಹೆಂಗ ಬಂತವ್ವಾ?"

"ಪಾಡ್ಯಕ್ಕ ಅವರು ಸ್ಪ್ರೇ ಟ್ಯಾಂಕಿಲೆ ಗಾಡಿ ತೊಳದ್ರು. ತಳದಾಗ ಹಿಂದಿನ ದಿನದ್ದು ಉಳದಿತ್ತು."

"ಸುಣ್ಣ ಹಾಕಿದ್ದಿಲ್ಲೇನು?"

"ಸುಣ್ಣ ಮುಗದಿತ್ತರಿ. ಕುಡಗೋಲ ಕೆಂಪ ಆಗಿತ್ತು."

ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿರಲಿಲ್ಲ. ಕೂತವರೆಲ್ಲ ದ್ರಾಕ್ಷಿಯವರು. ಕೆಂಪಾದ ಕುಡುಗೋಲೆಂದರೆ ಏನೆಂದು ಅವರಿಗೆ ಗೊತ್ತಿತ್ತು. ಒಬ್ಬ ಚಹಾದ ಬಸಿಯನ್ನು ಕೆಳಗಿಟ್ಟ.

"ವೈನಿ," ಎಂದ ವಿಕ್ರಾಂತ. ಅವನ ದನಿ ತಗ್ಗಿತ್ತು. "ಸತ್ತಾಂವನ ಮ್ಯಾಲೆ ಹಾಕಾಕತ್ತೀರಲ್ಲ. ನಿಮ್ಮ ಗಂಡ ಅಂವ."

"ಹೌದು. ನನ್ನ ಗಂಡ. ನಾ ಅಲ್ಲೇ ನಿಂತಿದ್ದೆ."

"ಎಲ್ಲಾರೂ ಹಂಗ ತೊಳೀತಾರ. ಯಾರ ಗಾಡೀನೂ ನಿಂತಿಲ್ಲ."

"ನಿಂತಿಲ್ಲ ಅಂತ ನಿಂಗ್ಯಾರು ಹೇಳ್ಯಾರ?" ಎಂದ ಹಾಲೇಶ. ಅವನು ವಿಕ್ರಾಂತನನ್ನು ನೋಡುತ್ತಿರಲಿಲ್ಲ. ಗ್ಯಾರೇಜಿನ ಹೊರಗೆ ನಿಲ್ಲಿಸಿದ್ದ ತನ್ನ ಗಾಡಿಯನ್ನು ನೋಡುತ್ತಿದ್ದ. "ನಂದು ಡಿಸೆಂಬರದಿಂದ ಏಸಿ ಹತ್ತವಲ್ಲದು."

ರಿಯಾಜ ಬೋಲ್ಟನ್ನು ತೆಗೆದುಕೊಂಡು ಅಂಗೈಯಲ್ಲಿ ಉರುಳಿಸಿದ. "ಆದ್ರೂ ನಾ ಫ್ಯಾನ್ ನೋಡಬೇಕಾಗಿತ್ತು," ಎಂದ.

"ನೋಡಬೇಕಾಗಿತ್ತು," ಎಂದಳು ದಾನೇಶ್ವರಿ. ಅವಳು ಅವನನ್ನು ಸಮಾಧಾನ ಮಾಡಲು ಬಂದಿರಲಿಲ್ಲ. "ಅದಷ್ಟು ನಿನ್ನದು. ಉಳದದ್ದು ನಿನ್ನದಲ್ಲ."

ಈಗ ವಿಕ್ರಾಂತ ಅವಳನ್ನು ನೋಡಿದ. ಕೆಂಪು ದೀಪ ಹತ್ತಿದ್ದು, ಅವಳು ಹೇಳಿದ್ದು, ತಾನು ನಿಲ್ಲಿಸದೆ ಓಡಿಸಿದ್ದು ಅವರಿಬ್ಬರಿಗೆ ಬಿಟ್ಟರೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನೂ ಅವಳು ಹೇಳುತ್ತಾಳೆಂದು ಅವನು ಕಾದ. ಕುರ್ಚಿಯ ಅಂಚಿಗೆ ಸರಿದು, ಎರಡೂ ಕೈಗಳನ್ನು ಮೊಣಕಾಲುಗಳ ಮೇಲಿಟ್ಟು ಕಾದ. ದಾನೇಶ್ವರಿ ಆ ಬಗ್ಗೆ ಬಸ್ಸಿನಲ್ಲೇ ಯೋಚಿಸಿದ್ದಳು. ದೀಪ ಹತ್ತಿದಾಗಲೇ ನಿಲ್ಲಿಸಿದ್ದರೂ ಗಾಡಿ ನಿಂತಂತೆಯೇ ಆಗುತ್ತಿತ್ತು. ಎಂಜಿನ್ ಉಳಿಯುತ್ತಿತ್ತು, ಅಷ್ಟೇ. ಅದು ಐವತ್ತೆರಡು ಸಾವಿರದ ಮಾತು. ಅವಳು ಚಹಾದ ಬಸಿ ಎತ್ತಿಕೊಂಡಳು. ಆರಿತ್ತು. ಕುಡಿದಳು.

"ಬರಸ್ಕೊಳ್ಳೂದ ಬ್ಯಾಡ," ಎಂದ ಮುರಗೆಪ್ಪ. ಬಂದಾಗಿನಿಂದ ಅವನು ಆಡಿದ ಮೊದಲ ಮಾತು ಅದು. "ವಿಕ್ರಾಂತ, ಹಾಳಿ ತಗೀ."

ವಿಕ್ರಾಂತ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಎದ್ದು ಹೊರಗೆ ಹೋಗಿ, ಗ್ಯಾರೇಜಿಗೆ ಬೆನ್ನು ಮಾಡಿ ನಿಂತ. ಲಾಲಸಾಬ ಕುರ್ಚಿಗಳನ್ನು ಒಂದರ ಮೇಲೊಂದು ಇಡತೊಡಗಿದ. ದಾನೇಶ್ವರಿ ಹೊರಡುವಾಗ, "ಕೂಡ್ರವ್ವಾ, ಇನ್ನೊಂದ ಚಹಾ ತರಸ್ತೀನಿ, ಬಿಸೀದು," ಎಂದ. ಅವಳು ಬೇಡವೆಂದಳು. ತೋಟದಲ್ಲಿ ಆಳುಗಳು ಬಿಡುವ ಹೊತ್ತಾಗಿತ್ತು. ಕತ್ತರಿಗಳನ್ನು ಎಣಿಸಿ ತೆಗೆದಿಡಬೇಕಿತ್ತು.

ಮನೆಗೆ ಬಂದ ಮೇಲೆ ಕಸ್ತೂರೆವ್ವನಿಗೆ ಸುದ್ದಿ ಹೇಳಿದವನು ಮುರಗೆಪ್ಪ. ಕಸ್ತೂರೆವ್ವ ಸೊಸೆಯ ಕಡೆ ತಿರುಗಿದಳು.

"ನೀ ಹೇಳದಿದ್ರ ಯಾರಿಗೆ ತಿಳೀತಿತ್ತು?" ಎಂದಳು.

"ಯಾರಿಗೂ ತಿಳೀತಿದ್ದಿಲ್ಲ," ಎಂದಳು ದಾನೇಶ್ವರಿ.

ಕಸ್ತೂರೆವ್ವ ಆ ರಾತ್ರಿ ಅವಳೊಡನೆ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ರೊಟ್ಟಿ ಬಡಿದು, ಎಂದಿನಂತೆ ಎರಡು ಹಾಕಿದಳು.

ಗಾಡಿಯನ್ನು ದುರಸ್ತಿ ಮಾಡಿಸಲಿಲ್ಲ. ಹೆಡ್ ಬಿಚ್ಚಿದಾಗ ಸೀಳಿದ್ದು ಕಂಡಿತು. ಖರ್ಚು ಗಾಡಿಯ ಬೆಲೆಯ ಅರ್ಧ ದಾಟುತ್ತಿತ್ತು. ರಾಯಬಾಗದ ಹಳೆ ಗಾಡಿಗಳ ವ್ಯಾಪಾರಿಯೊಬ್ಬ ಇದ್ದ ಸ್ಥಿತಿಯಲ್ಲೇ ಒಯ್ದ. ರಿಯಾಜನ ಗ್ಯಾರೇಜಿಗೆ ಮರುದಿನವೇ ಹಾಲೇಶನ ಗಾಡಿ ಬಂತು. ಆ ವಾರದಲ್ಲಿ ದ್ರಾಕ್ಷಿ ಬೆಳೆಗಾರರ ಇನ್ನೂ ಎಂಟು ಗಾಡಿಗಳು ಬಂದವು. ಮೂರರಲ್ಲಿ ಫ್ಯಾನ್ ತಿರುಗುತ್ತಿರಲಿಲ್ಲ.